ಮೂರು ಕಾರ್ಡು, ಎರಡು ಟೋಪಿ

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಡಿಗ್ರಿ ಮಾಡಿದವನು ಫ್ಯೂಸ್ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ, ಏಳನೇ ತರಗತಿಯವನು ಹಾಕಿದರೆ ‘ಭಲೇ’ ಎನ್ನುತ್ತಾರೆ. ಕಡಿಮೆ ಓದಿನಲ್ಲಿ ಇಷ್ಟು ಲಾಭವಿದೆ ಎಂದು ಗೊತ್ತಿದ್ದರೆ ಆರಕ್ಕೇ ಬಿಡುತ್ತಿದ್ದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರ ಕೆಡಲಿ, ಹುರಿ ಮಾಡುವ ಯಂತ್ರ ಕೆಡಲಿ, ಮೊದಲು ಹೇಳಿಕಳಿಸುತ್ತಿದ್ದುದು ನನಗೆ. ಬಿಚ್ಚಿದ ಯಂತ್ರವನ್ನು ಓಡಿಸದೆ ನಾನು ಎದ್ದು ಬಂದದ್ದಿಲ್ಲ. ಒಮ್ಮೆ ಗೌರಿಬಿದನೂರಿನ ಅಕ್ಕಿ ಗಿರಣಿಯವರು ಮದುವೆ ಊಟದ ಎಲೆಯ ಮುಂದಿನಿಂದಲೇ ನನ್ನನ್ನು ಎಬ್ಬಿಸಿಕೊಂಡು ಹೋಗಿದ್ದರು. ಮದುವೆ ನನ್ನದಲ್ಲದ್ದರಿಂದ ಹೋದೆ.

ತೊಂಬತ್ತರ ದಶಕದ ನಡುವಿನ ಮಾತು. ಹುರಿ ಕಾರ್ಖಾನೆಯ ರಹಮತ್ ಸಾಹೇಬರ ಬಳಿ ಮೂರು ಹಳೆಯ ಕಂಪ್ಯೂಟರುಗಳಿದ್ದವು. ಆಫೀಸಿಗೊಂದು, ಗೋದಾಮಿಗೊಂದು, ಮಹಡಿಗೊಂದು. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಮುಟ್ಟಿಸಬೇಕಾದರೆ ಫ್ಲಾಪಿ ಹಿಡಿದು ಓಡಬೇಕು. ಹತ್ತಿ ಇಳಿದು ಗುಮಾಸ್ತ ಶಂಕರಪ್ಪನವರ ಮಂಡಿ ಸವೆದಿತ್ತು. ಕೊನೆಗೆ ಸಾಹೇಬರು ಮೂರನ್ನೂ ತಂತಿಯಲ್ಲಿ ಕೂಡಿಸುವ ನೆಟ್‌ವರ್ಕ್ ಕಾರ್ಡುಗಳನ್ನು ಬೆಂಗಳೂರಿನಿಂದ ತರಿಸಿ, ಕೂರಿಸಲು ನನಗೆ ಹೇಳಿಕಳಿಸಿದರು. ಅಂಗೈಯಗಲದ ಹಸಿರು ಹಲಗೆ, ಹಿಂಬದಿಗೆ ಬೆಳ್ಳಿ ಬಣ್ಣದ ದುಂಡು ಬಾಯಿ.

ಸಾಹೇಬರ ಅಳಿಯ ಜಾವೀದ್ ಚಿಂತಾಮಣಿಯವನು, ಬಿ.ಕಾಂ. ಓದಿದವನು. ಡಬ್ಬಿ ನೋಡಿದವನೇ, “ಮಾಮೂ, ಇದಕ್ಕೆ ಬೆಂಗಳೂರಿಂದ ಇಂಜಿನಿಯರ್ ಕರೆಸೋಣ. ಮೇಸ್ತ್ರಿಗೆ ಸ್ಪ್ಯಾನರ್ ಕೆಲಸ ಇದ್ದೇ ಇದೆಯಲ್ಲಾ” ಎಂದ.

ಸ್ಪ್ಯಾನರ್ ಎದೆಗೇ ಬಂದು ಬಡಿದಂತಾಯಿತು. “ಶುಕ್ರವಾರದೊಳಗೆ ಮೂರೂ ಮಾತಾಡ್ಲಿಲ್ಲ ಅಂದ್ರೆ ನಾನು ಈ ಊರಲ್ಲಿ ಟೂಲ್ ಬಾಕ್ಸ್ ಬಿಚ್ಚಲ್ಲ ಸಾಹೇಬ್ರೇ” ಎಂದುಬಿಟ್ಟೆ. ಅಂದು ಬುಧವಾರ ಎಂಬುದು ಬಾಯಿಂದ ಮಾತು ಹೊರಬಿದ್ದ ಮೇಲೆ ನೆನಪಾಯಿತು.

ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಾನು ಚಿತ್ರಗಳನ್ನಷ್ಟೇ ಓದಿದೆ. ಕಾರ್ಡಿನ ಮೇಲಿನ ಸಾಸಿವೆಯಷ್ಟಲ್ಲದಿದ್ದರೂ ಕಡಲೆಬೇಳೆಗಿಂತ ಸಣ್ಣ ಕಪ್ಪು ತುಂಡುಗಳನ್ನು ಚಿಮುಟದಲ್ಲಿ ಕಿತ್ತು, ಪಕ್ಕದ ಲೋಹದ ಕಡ್ಡಿಗೆ ಸಿಕ್ಕಿಸಿ, ಕಂಪ್ಯೂಟರಿನೊಳಗೆ ಪ್ರಿಂಟರಿನ ದಾರಿಗೆ ಕಾರ್ಡು ಅಡ್ಡ ಬರದಂತೆ ಮಾಡಿದೆ. ಆ ಕೆಲಸಕ್ಕೆ ಇಂದಿಗೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ. ಮೂರಕ್ಕೂ ಕಾರ್ಡು ಕೂರಿಸಿ, ಪ್ರತಿ ಬಾಯಿಗೂ ಎಡಕ್ಕೊಂದು ಬಲಕ್ಕೊಂದು ಕೇಬಲ್ ಹಿಡಿಯುವ ಕವಲು ಸಿಕ್ಕಿಸಿ, ಒಂದರಿಂದ ಒಂದಕ್ಕೆ ಕಪ್ಪು ಕೇಬಲ್ ಎಳೆದೆ. ಡಬ್ಬಿಯಲ್ಲಿ ಎರಡು ಲೋಹದ ಟೋಪಿಗಳು ಉಳಿದವು. ಬೆಂಗಳೂರಿನಿಂದ ಬರುವಾಗ ಕಾರ್ಡಿನ ಬಾಯಿಗೆ ಧೂಳು ಹೋಗದಿರಲೆಂದು ಕೊಟ್ಟಿರಬೇಕೆಂದುಕೊಂಡು ಅಂಗಿ ಜೇಬಿಗೆ ಹಾಕಿಕೊಂಡೆ. ಇನ್ನು ಸಾಲಿನ ಎರಡು ತುದಿಗಳು ಖಾಲಿ. ನೂಲಿನ ಊರಿನಲ್ಲಿ ಬೆಳೆದವನ ಕಣ್ಣಿಗೆ ಬಿಟ್ಟ ತುದಿಯೆಂದರೆ ಕಸ ಬಿದ್ದಂತೆ. ಗಂಟು ಹಾಕದೆ ಕೈ ಸುಮ್ಮನಿರದು. ಮಿಕ್ಕ ಕೇಬಲ್ಲಿನಿಂದ ಎರಡು ತುದಿಗಳನ್ನೂ ಕೂಡಿಸಿ, ರೇಷ್ಮೆ ಲಡಿಯ ಹಾಗೆ ದುಂಡಗೆ ಸುತ್ತು ಮಾಡಿಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು.

ಕಂಪ್ಯೂಟರುಗಳು ಮಾತ್ರ ಮೌನವ್ರತ ಹಿಡಿದವು. ಗುರುವಾರವಿಡೀ ಬಿಚ್ಚಿದೆ, ಕೂರಿಸಿದೆ, ಊದಿದೆ. ಜಾವೀದ್ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. “ಏನ್ ಮೇಸ್ತ್ರಿ, ಇನ್ನೂ ಮಾತಿಲ್ವಾ? ಮೂರಕ್ಕೂ ಜಗಳ ಗಿಗಳ ಆಗಿದೆಯಾ?”

ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ರತ್ನ ಒಗೆಯಲು ತೆಗೆದ ಅಂಗಿಯ ಜೇಬಿಗೆ ಕೈ ಹಾಕಿದಳು.

“ಏನ್ರೀ ಇವು?”

“ಧೂಳಿನ ಟೋಪಿ. ಬಿಸಾಕು.”

“ಧೂಳಿಗೆ ಯಾರಾದ್ರೂ ಇಷ್ಟು ಗಟ್ಟಿ ಸಾಮಾನು ಮಾಡ್ತಾರಾ? ತಿರುಗಿಸಿ ಸಿಕ್ಕಿಸೋಕೆ ಕಚ್ಚು ಬೇರೆ ಇದೆ. ಕಾರ್ಡು ಮೂರು ಅಂದ್ರಿ. ಮೂರು ಬಾಯಿಗೆ ಎರಡೇ ಟೋಪಿ ಯಾಕೆ ಕೊಟ್ರು?”

ನನ್ನ ಕೈಯಲ್ಲಿದ್ದ ಕಾಫಿ ಅಲ್ಲೇ ಉಳಿಯಿತು. ಆ ಸಾಲಿನಲ್ಲಿ ಮೂರಲ್ಲದೆ ಎರಡೇ ಇರುವುದು ಯಾವುದು? ತುದಿ! ಸೈಕಲ್ ತುಳಿದುಕೊಂಡು ಹೋಗಿ, ನನ್ನ ಅಂದದ ಸುತ್ತನ್ನು ಕಿತ್ತು, ಎರಡು ತುದಿಗೂ ಟೋಪಿ ತೊಡಿಸಿದೆ. ಆಮೇಲೆ ತಿಳಿದವರು ಹೇಳಿದರು: ತಂತಿಯಲ್ಲಿ ಹೋದ ಮಾತನ್ನು ತುದಿಯಲ್ಲಿ ನುಂಗಿಕೊಳ್ಳಲು ಏನಾದರೂ ಇರಬೇಕಂತೆ, ಇಲ್ಲದಿದ್ದರೆ ಅದು ಆಡಿದವನ ಕಿವಿಗೇ ಮತ್ತೆ ಮತ್ತೆ ಬಂದು ಬಡಿಯುತ್ತದಂತೆ.

ಶಂಕರಪ್ಪನವರು ಮಹಡಿಯಲ್ಲಿ ತಮ್ಮ ಹೆಸರು ಒತ್ತಿದರು. ಕೆಳಗೆ ಆಫೀಸಿನ ಪರದೆಯಲ್ಲಿ ಅದು ಮೂಡಿತು. “ಬಂತು ಕಣ್ರೀ!” ಎಂದು ಸಾಹೇಬರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಹುರಿ ಯಂತ್ರದವರೂ ಕೆಲಸ ಬಿಟ್ಟು ಬಂದು ನೋಡಿದರು. ನಾನು ಎದೆಯನ್ನು ಎಷ್ಟು ಉಬ್ಬಿಸಲು ಸಾಧ್ಯವೋ ಅಷ್ಟು ಉಬ್ಬಿಸಿ ನಿಂತೆ.

“ಏನಾಗಿತ್ತು ಮೇಸ್ತ್ರಿ?” ಎಂದರು ಸಾಹೇಬರು.

ನನಗೆ ಜಂಬವಿದೆ, ಸುಳ್ಳಿಲ್ಲ. “ತಪ್ಪು ನಂದೇ ಸಾಹೇಬ್ರೇ. ನಾನೇ ಕೆಡಿಸಿದ್ದು. ಕಂಡುಹಿಡಿದಿದ್ದು ನಮ್ಮ ಮನೆಯವಳು” ಎಂದೆ.

ಸಾಹೇಬರು ಅಳಿಯನ ಕಡೆ ತಿರುಗಿದರು. “ನೋಡಪ್ಪಾ ಜಾವೀದ್, ಕಲ್ತ್ಕೋ! ಇಷ್ಟು ದೊಡ್ಡ ಕೆಲಸ ಮಾಡಿ ತಪ್ಪೆಲ್ಲ ತನ್ನ ಮೇಲೆ ಹಾಕ್ಕೋತಾರೆ, ಹೆಸರೆಲ್ಲ ಹೆಂಡ್ತಿಗೆ ಕೊಡ್ತಾರೆ. ಇದಕ್ಕೆ ದೊಡ್ಡತನ ಅಂತಾರೆ.” ಜಾವೀದ್ ತಲೆ ತಗ್ಗಿಸಿ ನನ್ನ ಕೈ ಕುಲುಕಿದ.

“ಇಲ್ಲ ಸಾಹೇಬ್ರೇ, ನಿಜವಾಗ್ಲೂ ನಂದೇ ತಪ್ಪು” ಎಂದು ಇನ್ನೊಮ್ಮೆ ಹೇಳಿ ನೋಡಿದೆ. ಶಂಕರಪ್ಪನವರ ಕಣ್ಣಲ್ಲಿ ನೀರೇ ಬಂತು. ಮೂರನೆಯ ಸಲ ಹೇಳಿದರೆ ಕೈಮುಗಿದುಬಿಟ್ಟಾರೆಂದು ಸುಮ್ಮನಾದೆ.