ಗುಡದಪ್ಪನ ಪಿಕಪ್

ಆಗ ಪೆಟ್ರೋಲ್ ಪಂಪಿನಲ್ಲಿ ಎರಡು ನಮೂನೆಯ ಪೆಟ್ರೋಲು ಸಿಗುತ್ತಿತ್ತು, ಎಂಬತ್ತೇಳು ಮತ್ತು ತೊಂಬತ್ಮೂರು. ಆ ನಂಬರುಗಳ ಅರ್ಥ ಈರಬಸಪ್ಪನಿಗೆ ಗೊತ್ತಿರಲಿಲ್ಲ. ಎಂಬತ್ತೇಳು ಸೋವಿ ಎಂಬುದಷ್ಟೇ ಗೊತ್ತಿತ್ತು. ಅಣ್ಣಿಗೇರಿಯಲ್ಲಿ ಹಳೇ ಪಿಕಪ್ ಕೊಂಡು ನವಲಗುಂದದ ಕಡೆಯ ತನ್ನ ಹಳ್ಳಿಗೆ ತರುವಾಗ ಟ್ಯಾಂಕಿಗೂ ಒಂದು ಡಬ್ಬಿಗೂ ಅದನ್ನೇ ತುಂಬಿಸಿದ. ಮೆಣಸಿನಕಾಯಿ, ಜಮಖಾನ, ಏನು ಸಿಕ್ಕರೂ ಹುಬ್ಬಳ್ಳಿಗೆ ಸಾಗಿಸಿ ಬಾಳುವೆ ಮಾಡುವ ವಿಚಾರ ಅವನದು.

ಮರುದಿನ ಬೆಳಿಗ್ಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಕೆರೆಯ ಏರಿ ಹತ್ತುವಾಗ ಇಂಜಿನ್ನಿನೊಳಗಿಂದ ಸದ್ದು ಬಂತು. ಟಕ್, ಟಕ್, ಟಕ್. ಒಳಗೆ ಸಿಕ್ಕಿಕೊಂಡ ಯಾರೋ ಬೆರಳ ಗೆಣ್ಣಿನಿಂದ ಬಡಿದಂತೆ. ಈರಬಸಪ್ಪ ಗಾಡಿ ತಿರುಗಿಸಿ ಮನೆ ಮುಂದೆ ತಂದು ಆಫ್ ಮಾಡಿದ. ಇಂಜಿನ್ ಆರಲಿಲ್ಲ. ಚಾವಿ ಕಿತ್ತು ಕೈಯಲ್ಲಿ ಹಿಡಿದ. ಗಾಡಿ ಚಳಿಜ್ವರ ಬಂದ ಎಮ್ಮೆಯಂತೆ ನಡುಗುತ್ತ, ಕೆಮ್ಮುತ್ತ ನಿಂತಿತ್ತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು ತಾನಾಗಿಯೇ ಸುಮ್ಮನಾಯಿತು.

ಬಾಜೂ ಮನೆಯ ಗೌರಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

“ಚಾವಿ ನಿನ್ನ ಕೈಯಾಗೈತಿ. ಮತ್ತ ಗಾಡಿ ಯಾರು ನಡಸಾಕತ್ತಾರ?”

“ಯಾರೂ ಇಲ್ಲಬೇ ಯಕ್ಕಾ. ಹಳೇ ಇಂಜಿನ್ನು.”

“ಮದಲ ಯಾರದಿತ್ತು?”

“ಅಣ್ಣಿಗೇರಿ ಗುಡದಪ್ಪಂದು. ಹೋದ ವರ್ಷ ತೀರಿಕೊಂಡ್ರು.”

“ಎಲ್ಲಿ ತೀರಿಕೊಂಡ್ರು?”

ಈರಬಸಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಇದರಾಗ. ಸ್ಟೇರಿಂಗ್ ಹಿಡಕೊಂಡು ಕುಂತಲ್ಲೇ.”

ಗೌರಕ್ಕ ಜೋಳವನ್ನು ಹಾಗೆಯೇ ಬಿಟ್ಟು ಎದ್ದಳು. ಅರ್ಧ ತಾಸಿನಲ್ಲಿ ಓಣಿಯೆಲ್ಲ ಗಾಡಿಯ ಸುತ್ತ ನೆರೆಯಿತು. ಒಬ್ಬರು ನಿಂಬೆಹಣ್ಣು ಕಟ್ಟು ಅಂದರು. ಇನ್ನೊಬ್ಬರು ಯಮನೂರಿನ ದರ್ಗಾಕ್ಕೆ ಒಯ್ಯಿ ಅಂದರು. ಮೆಣಸಿನಕಾಯಿ ಹೇರಿದ್ದ ಅಂದಾನೆಪ್ಪ ತನ್ನ ಚೀಲಗಳನ್ನು ಸುಮ್ಮನೆ ಇಳಿಸತೊಡಗಿದ.

“ತಪ್ಪು ತಿಳ್ಕೋಬ್ಯಾಡ್ರಿ,” ಅಂದ. “ನಮ್ಮ ಕಾಯಿ ಚಕ್ಕಡ್ಯಾಗ ಹೋಗ್ತಾವ. ಎತ್ತು ನಿಲ್ಲಂದ್ರ ನಿಲ್ತಾವ.”

ಮೊದಲ ಬಾಡಿಗೆಯೇ ಕೈತಪ್ಪಿತು. ಈರಬಸಪ್ಪ ಸೀದಾ ನವಲಗುಂದಕ್ಕೆ, ಮೇಸ್ತ್ರಿ ಹಸನಸಾಬನ ಹತ್ತಿರ ಹೋದ. ಹಸನಸಾಬ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನಕ್ಕ.

“ದೆವ್ವ ಅಲ್ಲೋ ಮಾರಾಯಾ. ಗುಡದಪ್ಪ ಇದಕ್ಕ ಕಾರಿನ ಇಂಜಿನ್ ಕೂಡಿಸಿದ್ದ. ಅದಕ್ಕ ತೊಂಬತ್ಮೂರ ಬೇಕು. ಸಣ್ಣ ನಂಬರಿನ ಪೆಟ್ರೋಲು ತನ್ನ ಪಾಳಿ ಬರೂ ಮದಲ ಹೊತ್ಕೊಂತೈತಿ, ಅದಕ್ಕ ಬಡೀತೈತಿ. ಇಂಜಿನ್ ಕಾದಿತ್ತಂದ್ರ ಚಾವಿ ತಗದ್ರೂ ಹೊತ್ಕೊಂತೈತಿ. ಅಷ್ಟ.”

ಟ್ಯಾಂಕು ಬರಿದು ಮಾಡಿ ತೊಂಬತ್ಮೂರು ತುಂಬಿಸಿದರು. ಬರುವಾಗ ಏರಿ ಹತ್ತಿದರೆ ಗಾಡಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಹತ್ತಿತು. ಚಾವಿ ತಿರುಗಿಸಿದರೆ ಆ ಕ್ಷಣವೇ ಆರಿತು. ಏರಿಯ ಮೇಲೆ ಒಬ್ಬನೇ ನಿಂತು ಹಚ್ಚಿದ, ಆರಿಸಿದ, ಮತ್ತೆ ಹಚ್ಚಿದ, ಆರಿಸಿದ. ನಗು ಬಂತು.

ಮನೆಗೆ ಬಂದರೆ ಕಟ್ಟೆಯ ಮೇಲೆ ಶಿವಗಂಗವ್ವ ಕೂತಿದ್ದಳು. ಗುಡದಪ್ಪನ ಹೆಂಡತಿ, ಗಾಡಿ ಮಾರಿದಾಕೆ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಗೌರಕ್ಕ ಸುದ್ದಿ ಮುಟ್ಟಿಸಿದ್ದಳು. ಶಿವಗಂಗವ್ವ ಏನೂ ಕೇಳದೆ ಎಡಗಡೆಯ ಸೀಟಿಗೆ ಹತ್ತಿ ಕೂತಳು.

“ಹಚ್ಚಿ ಆರಸು.”

ಹಚ್ಚಿ ಆರಿಸಿದ. ನಿಶ್ಶಬ್ದ.

“ಎಲ್ಲೆದಾರ ಅವರು?”

“ತೊಂಬತ್ಮೂರು ಹಾಕ್ಸೀನ್ರಿ. ಈಗ ಏನೂ ಇಲ್ರಿ.”

ಶಿವಗಂಗವ್ವನ ಕಣ್ಣು ತುಂಬಿದವು. “ಒಂದ ಮಾತೂ ಹೇಳದ ಹೋದ ಮನಶ್ಯಾ, ಇಲ್ಲೆದಾರಂತ ಓಡಿ ಬಂದೆ. ನೀ ಹೊರಗ ಹಾಕಿದ್ಯಾ?”

ಬೆಳಿಗ್ಗೆ ದೆವ್ವ ಬಿಡಿಸು ಎಂದಿದ್ದ ಓಣಿಯೇ ಈಗ ಆಕೆಯ ಕಡೆ ನಿಂತಿತು. “ಹೆಣ್ಣಮಗಳ ಕಣ್ಣೀರು ಕಟ್ಟಿಕೋಬ್ಯಾಡೋ ತಮ್ಮಾ,” ಅಂದಳು ಗೌರಕ್ಕ. ಈರಬಸಪ್ಪ ತೊಂಬತ್ಮೂರನ್ನು ಕೊಡಕ್ಕೆ ಇಳಿಸಿ, ಡಬ್ಬಿಯಲ್ಲಿದ್ದ ಎಂಬತ್ತೇಳನ್ನು ಟ್ಯಾಂಕಿಗೆ ಸುರಿದ.

ಆಕೆಯನ್ನು ಕೂಡಿಸಿಕೊಂಡು ಏರಿ ಹತ್ತಿದ. ಟಕ್, ಟಕ್, ಟಕ್.

“ಅವರ ಬಡಿತ ಇದು,” ಅಂದಳು ಶಿವಗಂಗವ್ವ. “ತಡಾ ಮಾಡಿ ಬಂದ್ರ ಹಿಂಗ ಬಾಗಲಾ ಬಡೀತಿದ್ರು.”

ಮನೆ ಮುಂದೆ ನಿಲ್ಲಿಸಿ ಚಾವಿ ತೆಗೆದು ಈರಬಸಪ್ಪ ಕೆಳಗಿಳಿದ. ಗಾಡಿ ನಡುಗತೊಡಗಿತು. ಆಕೆ ಸ್ಟೇರಿಂಗಿನ ಕಡೆ ಬಾಗಿ ಮೆಲ್ಲಗೆ ಕೇಳಿದಳು, “ಊಟ ಆತೇನ್ರಿ?”

ಆಮೇಲೆ ಮಾತು ನಿಲ್ಲಲಿಲ್ಲ. ಮಗಳ ಬಾಣಂತನ, ಸೋರುವ ಮಾಳಿಗೆ, ದವಾಖಾನಿಗೆ ಹೋಗೂಣು ಅಂದರೆ ಕೇಳದ ಗಂಡನ ಹಟ. ಇಂಜಿನ್ನೂ ನಿಲ್ಲಲಿಲ್ಲ. ಆಕೆ ಬೈದಾಗ ತಗ್ಗುತ್ತಿತ್ತು, ಅತ್ತಾಗ ಏರುತ್ತಿತ್ತು. ಬಿಸಿಲು ಓಣಿ ದಾಟಿ ಗೋಡೆ ಹತ್ತಿತು. ಇಷ್ಟು ಹೊತ್ತು ಕೆಮ್ಮುವ ಇಂಜಿನ್ನಿನ ಬಗ್ಗೆ ಹಸನಸಾಬ ಏನೂ ಹೇಳಿರಲಿಲ್ಲ. ಈರಬಸಪ್ಪ ಬಾನೆಟ್ ಎತ್ತಿ, ಪೆಟ್ರೋಲ್ ಬರುವ ಪೈಪನ್ನೇ ಕಿತ್ತ. ಅದರಲ್ಲಿದ್ದಷ್ಟು ನೆಲಕ್ಕೆ ಚೆಲ್ಲಿತು. ಇನ್ನೇನು ನಿಲ್ಲುತ್ತದೆ ಎಂದು ಕಾದ. ನಿಲ್ಲಲಿಲ್ಲ. ಎಮ್ಮೆ ಓಡಿಹೋದ ಮೇಲೆ ಹಗ್ಗ ಹಿಡಿದವನಂತೆ ಪೈಪು ಹಿಡಿದು ನಿಂತ. ಹಿಂದೆ ನೆರೆದಿದ್ದ ಮಂದಿ ಒಬ್ಬೊಬ್ಬರಾಗಿ ಕರಗಿದರು. ಗೌರಕ್ಕನ ಮನೆಯ ಅಗಳಿ ಬಿದ್ದ ಸದ್ದು ಕೇಳಿಸಿತು.

“ಸಾಕ್ರಿ, ದಣದೀರಿ,” ಅಂದಳು ಶಿವಗಂಗವ್ವ.

ಇಂಜಿನ್ ಆರಿತು.

ಆಕೆ ಕಣ್ಣೊರೆಸಿಕೊಂಡು ಇಳಿದಳು. ಮುಖ ಹಗುರಾಗಿತ್ತು. “ತಮ್ಮಾ, ನಿನಗೊಂದು ಮಾತು ಹೇಳಂದ್ರು.”

“ಏನ್ರಿ?”

“ನಿನಗ ಗೇರ್ ಹಾಕಾಕ ಬರೂದಿಲ್ಲಂತ. ನಾಳಿಂದ ನೀ ಬಾಜೂ ಕುಂಡ್ರಬೇಕಂತ.”

ಆಕೆ ಬಸ್ಸಿನ ಕಡೆ ನಡೆದಳು. ಈರಬಸಪ್ಪ ಪೈಪು ಮತ್ತೆ ಕೂಡಿಸಿ ಬಾನೆಟ್ ಮುಚ್ಚಿ, ಗಾಡಿಯನ್ನು ಬದಿಗೆ ಸರಿಸೋಣವೆಂದು ಸ್ಟೇರಿಂಗ್ ಕಡೆಯ ಬಾಗಿಲು ಎಳೆದ. ಅದು ಒಳಗಿನಿಂದ ಲಾಕ್ ಆಗಿತ್ತು.