ಮಾಸ್ತಪ್ಪನ ಗ್ರೀಸ್ ಶಾಸ್ತ್ರ

“ಇವತ್ತು ಈ ಸೈಕಲ್ಲನ್ನ ನಾನೇ ಸರ್ವೀಸ್ ಮಾಡ್ತೀನಿ! ಸಂಜೆಯೊಳಗೆ ಇದು ಬೆಣ್ಣೆ ಹಂಗೆ ಓಡದಿದ್ರೆ ನನ್ನ ಹೆಸರು ಮಾಸ್ತಪ್ಪನೇ ಅಲ್ಲ!”

ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಅರ್ಧ ಜಡೆ ಊರಿಗೇ ಕೇಳುವ ದನಿಯಲ್ಲಿ ಮಾಸ್ತಪ್ಪ ಈ ಪ್ರತಿಜ್ಞೆ ಮಾಡಿದ.

“ಹೆಸರು ಹಂಗೇ ಇರ್ಲಿ ಬಿಡ್ರೀ. ಸೈಕಲ್ ಶಾಪಿಗೆ ಕೊಟ್ಟು ಬರಾಣ,” ಎಂದಳು ಹೆಂಡತಿ ಸುನಿತಾ. ಅವಳ ದನಿ ದೇವರ ಮುಂದೆ ನಿಂತವರ ದನಿಯಂತಿತ್ತು.

ಇರದೆ ಏನು? ಸುನಿತಾಗೆ ಊರಿನ ಟಪಾಲು ಹಂಚುವ ಕೆಲಸ ಸಿಕ್ಕಿತ್ತು. ಮರುದಿನವೇ ಹಾಜರಾಗಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ಹೆಸರಿಗೇ ಅಂತ ಬಂದ ಮೊದಲ ನೌಕರಿ! ಅದಕ್ಕೆ ಸೈಕಲ್ ಹೊಡೆಯಲು ಬರಬೇಕು. ಬರುತ್ತಿತ್ತು, ತವರೂರು ತೊಗರ್ಸಿಯಲ್ಲಿ ಹೈಸ್ಕೂಲಿಗೆ ಹೋಗುವಾಗ. ಈಗ ಎರಡು ಸಲ ಪೆಡಲ್ ತುಳಿಯುತ್ತಿದ್ದಳು, ಗಾಬರಿಯಾಗಿ ಬ್ರೇಕ್ ಹಿಡಿಯುತ್ತಿದ್ದಳು, ಕಾಲೂರಿ ನಿಲ್ಲುತ್ತಿದ್ದಳು. ಬ್ರೇಕ್ ಹಿಡಿದಾಗಲೆಲ್ಲ “ಕಿರ್ರ್ರ್!” ಅಂತ ಎದ್ದ ಸದ್ದಿಗೆ ಬೀದಿನಾಯಿಗಳು ಜಾಗ ಬದಲಾಯಿಸುತ್ತಿದ್ದವು.

“ಗ್ರೀಸ್ ಅಂದ್ರೆ ಎಲ್ಲಾ ಒಂದೇ ಅನ್ಕೊಂಡಿದೀಯಾ?” ಮಾಸ್ತಪ್ಪ ಸ್ಪ್ಯಾನರ್ ಎತ್ತಿ ಪಾಠ ಶುರು ಮಾಡಿದ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನು ಈ ಶಾಸ್ತ್ರದಲ್ಲಿ ಪಾರಂಗತನಾಗಿದ್ದ. “ಬೇರಿಂಗಿಗೆ ಗಟ್ಟಿ ಗ್ರೀಸ್. ಚೈನಿಗೆ ಗ್ರೀಸ್ ಮುಟ್ಟಿಸಬಾರದು, ತೆಳು ಎಣ್ಣೆ ಮಾತ್ರ. ಇಲ್ದಿದ್ರೆ ಧೂಳೆಲ್ಲಾ ಮೆತ್ಕಂಡು ಚೈನು ಹಾಳಾಗ್ತದೆ. ನಿಮ್ಮ ಸೈಕಲ್ ಶಾಪಿನವರಿಗೆ ಇದೆಲ್ಲ ಗೊತ್ತಾ?”

“ಬ್ರೇಕಿಗೆ?”

“ಅದಕ್ಕೂ ಬರ್ತೀನಿ ತಡಿ!”

ಸೈಕಲ್ಲಿಗೇ ಅಂತ ಒಂದು ಬಿಳಿ ಗ್ರೀಸನ್ನು ಅವನು ಆನ್‌ಲೈನಿನಲ್ಲಿ ತರಿಸಿದ್ದ. ‘ದಾರಿಯಲ್ಲಿದೆ’ ಎಂದು ಮೊಬೈಲ್ ದಿನಾ ಭರವಸೆ ಕೊಡುತ್ತಿತ್ತು, ಗ್ರೀಸ್ ಮಾತ್ರ ಬಂದಿರಲಿಲ್ಲ. ಹಾಗಾಗಿ ಟ್ರ್ಯಾಕ್ಟರಿಗೆಂದು ಶಿಕಾರಿಪುರದಿಂದ ತಂದಿದ್ದ ಡಬ್ಬ ಹೊರಬಂತು. ಚಕ್ರ ಬಿಚ್ಚಿದ, ಬೇರಿಂಗಿನ ಗೋಲಿಗಳನ್ನು ಒರೆಸಿದ, ಹೊಸ ಗ್ರೀಸ್ ತುಂಬಿದ. ಚೈನಿಗೆ ಹನಿಹನಿಯಾಗಿ ಎಣ್ಣೆ ಬಿಟ್ಟ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಮಾಸ್ತಪ್ಪ ಎತ್ತಿನ ಗಾಡಿಯ ಮನೆಯಲ್ಲಿ ಹುಟ್ಟಿದವನು. ಗಾಡಿ ಕಿರುಗುಟ್ಟಿದರೆ ಅಪ್ಪ ಇಳಿದು ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದ, ಗಾಡಿ ಸುಮ್ಮನಾಗುತ್ತಿತ್ತು. ಸೈಕಲ್ಲಿನಲ್ಲಿ ಕಿರುಗುಟ್ಟುತ್ತಿದ್ದದ್ದು ಯಾವುದು? ಬ್ರೇಕು! ಡಬ್ಬದ ತಳ ಬಳಿದು ಬ್ರೇಕಿನ ರಬ್ಬರಿಗೂ ಚಕ್ರದ ರಿಮ್ಮಿಗೂ ಧಾರಾಳವಾಗಿ ಸವರಿದ.

ಜಗಲಿಯಲ್ಲಿ ಕೂತು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ ಅವನ ತಾಯಿ ಗುತ್ಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಏ ಮಾಸ್ತ, ಅದು ಚಕ್ರ ನಿಲ್ಸೋ ಜಾಗ ಅಲ್ವೇನೋ?”

“ಅವ್ವಾ, ನಿನ್ನ ಕಾಲದಾಗೆ ಗಾಡಿಗೆ ಬ್ರೇಕೇ ಇರ್ಲಿಲ್ಲ. ನೀ ಸುಮ್ನಿರು!”

ಸಂಜೆ ಕೆರೆ ಏರಿಯ ಮೇಲೆ ಪ್ರಯೋಗ. ಸುನಿತಾ ಹತ್ತಿ ಕೂತಳು, ಮಾಸ್ತಪ್ಪ ಹಿಂದೆ ಕ್ಯಾರಿಯರ್ ಹಿಡಿದ. ಇಳಿಜಾರು ಬಂತು. ಸೈಕಲ್ಲು ನಿಜವಾಗಿಯೂ ಬೆಣ್ಣೆ ಹಂಗೆ ಜಾರಿತು!

“ರೀ, ಬ್ರೇಕ್ ಹಿಡಿದ್ರೂ ನಿಲ್ತಿಲ್ಲ!”

“ಕಿರ್ರ್ ಅಂತಾನೂ ಇಲ್ಲ, ನೋಡಿದ್ಯಾ!” ಎಂದು ಹಿಗ್ಗಿದ ಮೇಲೆಯೇ ಮಾಸ್ತಪ್ಪನ ತಲೆಗೆ ವಿಷಯ ಹೊಕ್ಕಿದ್ದು. ಅಷ್ಟರಲ್ಲಿ ಕ್ಯಾರಿಯರ್ ಕೈಬಿಟ್ಟು ಹೋಗಿತ್ತು. ಓಡಿದ. ಲುಂಗಿ ಕಾಲಿಗೆ ತೊಡರಿ ಏರಿಯ ಮೇಲೆ ಉದ್ದಕ್ಕೆ ಬಿದ್ದ. ಬಿದ್ದಲ್ಲಿಂದಲೇ ಕೂಗಿದ: “ತುಳೀಬೇಡ! ಅಲ್ಲಲ್ಲ, ತುಳಿ! ದೇವರೇ, ಏನಾದ್ರೂ ಮಾಡೇ!”

ಎದುರಿಗೆ ಅವರದೇ ಕುರಿ ಹಿಂಡು. ಸುನಿತಾ ಬೆಲ್ ಹೊಡೆದಳು. ಕುರಿಗಳು ಎರಡು ಪಾಲಾಗಿ ದಾರಿ ಬಿಟ್ಟವು. ಅವಳು ನಡುವೆ ನೆಟ್ಟಗೆ ಹಾದುಹೋದಳು. ಹಿಡಿಯಲು ಬ್ರೇಕಿಲ್ಲ, ಕಾಲೂರಲು ಧೈರ್ಯವಿಲ್ಲ, ತುಳಿಯದೆ ಬೇರೆ ಗತಿಯಿಲ್ಲ. ತುಳಿದಳು. ತುಳಿಯುತ್ತ ತುಳಿಯುತ್ತ ಹೈಸ್ಕೂಲಿನ ಹುಡುಗಿ ಮೈಯಲ್ಲಿ ಎದ್ದು ಕೂತಳು!

ಮಾಸ್ತಪ್ಪ ಕುಂಟುತ್ತ ಮನೆ ಮುಟ್ಟಿದಾಗ ಸುನಿತಾ ಕಣದಲ್ಲಿ ಸುತ್ತು ಹೊಡೆಯುತ್ತಿದ್ದಳು.

“ರೀ, ನಂಗೆ ಬಂತು! ಬಂದೇಬಿಡ್ತು!” ಇನ್ನೊಂದು ಸುತ್ತು. “ಇಳಿಯೋದು ಹೆಂಗೆ ಹೇಳ್ರೀ!”

ಗ್ರೀಸ್ ಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸುತ್ತು ನಿಧಾನವಾದಾಗ ಗುತ್ಯಮ್ಮ ಸೊಪ್ಪು ಕೊಯ್ಯುವ ದೋಟಿಯ ಕೊಕ್ಕೆಯನ್ನು ಕ್ಯಾರಿಯರಿಗೆ ಸಿಕ್ಕಿಸಿ, ಓಡುವ ಟಗರನ್ನು ಹಿಡಿದವಳಂತೆ ಎಳೆದು ನಿಲ್ಲಿಸಿದಳು.

“ನಮ್ಮ ಕಾಲದ ಬ್ರೇಕು ಕಣೋ ಇದು,” ಎಂದಳು ಮಗನಿಗೆ.

ಆಮೇಲೆ ಮಾಸ್ತಪ್ಪ ಪಾತ್ರೆ ಸೋಪು, ತೆಂಗಿನ ನಾರು ಹಿಡಿದು ಕೂತ. ರಿಮ್ಮು ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಗ್ರೀಸ್ ಕುಡಿದ ರಬ್ಬರುಗಳನ್ನು ಕಿತ್ತು, ಓಡಿಹೋಗಿ ಅದೇ ಸೈಕಲ್ ಶಾಪಿನಿಂದ ಹೊಸವು ತಂದು ಹಾಕಿದ. ಅಂಗಡಿಯವನು ಕಾರಣ ಕೇಳಿದ್ದಕ್ಕೆ ಮಾಸ್ತಪ್ಪ ಕೆಮ್ಮಿದ. ಚಕ್ರ ತಿರುಗಿಸಿ ಬ್ರೇಕ್ ಹಿಡಿದಾಗ “ಕಿರ್ರ್ರ್!” ಎಂದಿತು. ಅಷ್ಟು ಇಂಪಾದ ಸದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಸೋಮವಾರ ಸುನಿತಾ ಟಪಾಲು ಚೀಲ ಹಾಕಿಕೊಂಡು ಹೊರಟಳು. ಮಾಸ್ತಪ್ಪ ಗದ್ದೆಗೂ ಹೋಗದೆ ಬಾಗಿಲಲ್ಲೇ ಕಿವಿಯಾಗಿ ನಿಂತ. ಒಂದೊಂದು ಓಣಿಯಿಂದ “ಕಿರ್ರ್ರ್” ಕೇಳಿದಾಗಲೂ ಅವನ ಎದೆ ತಣ್ಣಗಾಗುತ್ತಿತ್ತು. ನಿಂತಳು, ಇಳಿದಳು, ಮತ್ತೆ ಹೊರಟಳು!

ಮಧ್ಯಾಹ್ನ ಆ ಸದ್ದು ಅವನ ಮನೆ ಮುಂದೆಯೇ ನಿಂತಿತು.

“ಮಾಸ್ತಪ್ಪ ಅನ್ನೋರು ಇದಾರೇನ್ರೀ? ಪಾರ್ಸೆಲ್ ಬಂದಿದೆ. ಸಹಿ ಹಾಕಿ.”

ಅವನು ಹೆಮ್ಮೆಯಿಂದ ಉಬ್ಬಿ ಸಹಿ ಹಾಕಿದ. ಬಿಚ್ಚಿ ನೋಡಿದ. ಬಿಳಿ ಗ್ರೀಸ್! ಅವನ ಕೈ ತಾನಾಗಿಯೇ ಸೈಕಲ್ಲಿನ ಕಡೆ ಚಾಚಿತು.

ಸುನಿತಾ ಬೆಲ್ ಹೊಡೆದು ಪೆಡಲ್ ಮೇಲೆ ಕಾಲಿಟ್ಟಳು.

“ದೂರ ನಿಲ್ರೀ! ಇದು ಟಪಾಲಿನ ಗಾಡಿ, ಗ್ರೀಸ್ ಹಚ್ಚೋಕೆ ಬಂದ್ರೆ ಅತ್ತೆಗೆ ದೋಟಿ ತರೋಕೆ ಹೇಳ್ತೀನಿ!”