ಹಮ್ಮಬ್ಬಾಕನ ನಿಕಾಹ್ ತಾಲೀಮು

"ನನ್ನ ಮಗಳ ನಿಕಾಹನ್ನು ನಾನೇ ಮಾಡಿಕೊಡುವುದು! ಇದರಲ್ಲಿ ಎರಡು ಮಾತಿಲ್ಲ!"

ಕಾಪು ಪೇಟೆಯ ಚಪ್ಪಲಿ ಅಂಗಡಿಯ ಹಮ್ಮಬ್ಬಾಕ ಮನೆಯ ಜಗಲಿಯಲ್ಲಿ ನಿಂತು ಘೋಷಿಸಿದರು. ಊರಿನ ಬೇರೆ ಅಪ್ಪಂದಿರೆಲ್ಲ ನಿಕಾಹಿನ ಹೊತ್ತಿಗೆ ಮಗಳನ್ನು ಒಪ್ಪಿಸಿಕೊಡುವ ಅಧಿಕಾರವನ್ನು ಮಸೀದಿಯ ಉಸ್ತಾದರಿಗೆ ವಹಿಸಿ, ಪಕ್ಕದಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಾರೆ. ಹಮ್ಮಬ್ಬಾಕ ಅಂಥವರಲ್ಲ! ಅಳಿಯನ ಕೈ ಹಿಡಿದು ಮೈಕಿನಲ್ಲಿ ಗುಡುಗುವವರು!

"ನಿಮ್ಮಿಂದ ಆಗ್ಲಿಕ್ಕುಂಟಾ? ಎಂಟು ನಂಬರಿನ ಚಪ್ಪಲಿ ಕೇಳಿದ್ರೆ ಆರು ಕೊಡುವವರು ನೀವು," ಎಂದರು ಹೆಂಡತಿ ನೆಬಿಸಾ.

"ನನಗೆ ಬಾಪನೇ ಮಾಡಿಕೊಡ್ಬೇಕು," ಎಂದಳು ಮದುಮಗಳು ಮುನೀಬಾ.

ಇನ್ನು ಕೇಳಬೇಕೇ! ಕಾರ್ಕಳದ ವರನ ಕಡೆಯ ಹೆಂಗಸರು ಬಂದು ಉಂಗುರ ತೊಡಿಸಿ ಹೋಗಿದ್ದಾಗಿತ್ತು. ಮದುವೆಗೆ ಐದೇ ದಿನ. ಉಳಿದದ್ದು ತಾಲೀಮು ಮಾತ್ರ.

ಮರುದಿನ ಬೆಳಿಗ್ಗೆ ಟೈಲರ್ ಇದಿನಬ್ಬ ಹೊಸ ಅಂಗಿ ತಂದ. ನಲವತ್ತೈದು ದಾಟಿದರೂ ಹೆಣ್ಣು ಸಿಗದ ಪ್ರಾಣಿ. ಅದೇ ಹೊತ್ತಿಗೆ ಬಿರಿಯಾನಿ ಮಾಡುವವರಿಬ್ಬರು ಒಲೆ ಹೂಡುವ ಜಾಗ ನೋಡಲು ಬಂದರು.

"ಇದಿನಬ್ಬ, ಕೈ ಕೊಡು. ಐದು ನಿಮಿಷ ನೀನೇ ನನ್ನ ಅಳಿಯ!"

"ನನಗೆ ಆ ಭಾಗ್ಯ ಎಲ್ಲಿಂದ ಹಮ್ಮಬ್ಬಾಕ!"

ಅಡುಗೆಯವರಿಬ್ಬರನ್ನು ಆಚೆ ಈಚೆ ಸಾಕ್ಷಿ ಕೂರಿಸಿ, ಹಮ್ಮಬ್ಬಾಕ ಕಣ್ಣು ಮುಚ್ಚಿದರು. ನಿಕಾಹಿನ ಮಾತನ್ನು ಹೆಸರು, ವರ ವಧುವಿಗೆ ಕೊಡುವ ಮಹರ್ ಎಲ್ಲ ಸೇರಿಸಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. "ಸ್ವೀಕರಿಸಿದ್ದೇನೆ!" ಎಂದು ಇದಿನಬ್ಬ ಕೂಗಿದ. "ಮಾಶಾ ಅಲ್ಲಾಹ್!" ಎಂದರು ಸಾಕ್ಷಿಗಳು.

ಸಂಜೆ ನಮಾಝ್ ಮುಗಿದ ಮೇಲೆ ಹಮ್ಮಬ್ಬಾಕ ಈ ಪರಾಕ್ರಮವನ್ನು ಉಸ್ತಾದರ ಮುಂದೆ ಬಿಚ್ಚಿದರು. ಉಸ್ತಾದರ ಮುಖ ಗಂಭೀರವಾಯಿತು.

"ಸಾಕ್ಷಿ ಇದ್ರಾ?"

"ಇಬ್ಬರು!"

"ಅವನು ಒಪ್ಪಿದನಾ?"

"ಗಟ್ಟಿಯಾಗಿ!"

"ಎಂತ ಮಾಡಿದ್ರಿ ಮಾರಾಯ್ರೇ! ನಿಕಾಹ್ ವಿಷಯದಲ್ಲಿ ತಮಾಷೆಗೆ ಹೇಳಿದ್ದೂ ನಿಜವೇ ಅಂತ ಧರ್ಮದಲ್ಲಿ ಉಂಟಲ್ಲ!"

ಅಯ್ಯೋ ಅಲ್ಲಾಹ್! ಹೂವಿನಂಥ ಮಗಳು, ಆ ಮುದಿ ಟೈಲರಿಗಾ? ಕಾರ್ಕಳದವರಿಗೆ ಯಾವ ಮುಖ ತೋರಿಸುವುದು? ಗಂಡುಗಲಿ ಹಮ್ಮಬ್ಬಾಕ ಮಸೀದಿಯ ಮೆಟ್ಟಿಲಲ್ಲಿ ಕುಳಿತು ಗಳಗಳನೆ ಅತ್ತರು.

ಉಸ್ತಾದರು ಇದಿನಬ್ಬನಿಗೆ ಫೋನ್ ಮಾಡಿದರು. ಅವನು ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದ.

"ಇವರು ಹೇಳಿದ್ದನ್ನು ಇದ್ದ ಹಾಗೆ ಹೇಳು."

"'ನನ್ನ ಮಗಳು ನೆಬಿಸಾಳನ್ನು ನಿನಗೆ ನಿಕಾಹ್ ಮಾಡಿಕೊಟ್ಟಿದ್ದೇನೆ' ಅಂತ ಹೇಳಿದ್ದು, ಉಸ್ತಾದ್."

"ನೆಬಿಸಾ ಯಾರು ಹಮ್ಮಬ್ಬಾಕ?"

"ನನ್ನ ಹೆಂಡತಿ, ಉಸ್ತಾದ್," ಎಂದರು ಹಮ್ಮಬ್ಬಾಕ. ಚಾ ಬೇಕಾದರೂ, ಚಾವಿ ಕಳೆದರೂ ಇಪ್ಪತ್ತೆಂಟು ವರ್ಷದಿಂದ ಬಾಯಿಗೆ ಬರುವ ಹೆಸರು ಅದೊಂದೇ!

ಉಸ್ತಾದರಿಗೆ ನಗು ತಡೆಯಲಾಗಲಿಲ್ಲ. "ಸ್ವಂತ ಹೆಂಡತಿಯನ್ನು ಬೇರೆಯವನಿಗೆ ನಿಕಾಹ್ ಮಾಡಿಕೊಡ್ಲಿಕ್ಕೆ ಆಗುದಿಲ್ಲ. ನಿಮ್ಮ ಮಗಳು ಬಚಾವ್!" ಎಂದು, ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ 'ಮುನೀಬಾ' ಎಂದು ಬರೆದುಕೊಟ್ಟರು. ಹಮ್ಮಬ್ಬಾಕ ಇದಿನಬ್ಬನನ್ನು ತಬ್ಬಿ ಹಣೆಗೆ ಮುತ್ತಿಟ್ಟರು.

ಮನೆಗೆ ಬಂದು ಎಲ್ಲ ಒಪ್ಪಿಸಿದಾಗ ಮುನೀಬಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ನೆಬಿಸಾ ಮಾತ್ರ ನಗಲಿಲ್ಲ.

"ಟೈಲರ್ ನನ್ನ ಹೆಸರು ಕೇಳಿ ಒಪ್ಪಿದನಾ?"

"ಒಪ್ಪಿದ."

"ಒಂದೇ ಸಲಕ್ಕೆ?"

"ಹೌದು ಮಾರಾಯ್ತಿ, ಒಂದೇ ಸಲಕ್ಕೆ!"

ನೆಬಿಸಾ ಸೆರಗು ಸರಿಮಾಡಿಕೊಂಡು ಎದ್ದರು. "ನೋಡಿ ಮತ್ತೆ! ನಮ್ಮ ನಿಕಾಹ್ ದಿನ ನನ್ನ ಬಾಪ ಮೂರು ಸಲ ಹೇಳಿದ ಮೇಲೆ ನೀವು ಬಾಯಿ ಬಿಟ್ಟದ್ದು!"